ದಾವೆ ಹೂಡಿದ ದಿನ ಮಾತ್ರ ಗೊತ್ತಿದೆ, ಇ-ಕೋರ್ಟ್ಸ್‌ನಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೊಲಕ್ಕೆ ಹೊಂದಿಕೊಂಡ 2 ಎಕರೆ 10 ಗುಂಟೆ ಜಮೀನಿಗೆ ಖರೀದಿ ಕರಾರು ಮಾಡಿಕೊಂಡು 6 ಲಕ್ಷ ರೂಪಾಯಿ ಸಂಚಕಾರ ಕೊಟ್ಟಿದ್ದೇನೆ. ಬರುವ ತಿಂಗಳು ನೋಂದಣಿ ಆಗಬೇಕು. ಈಗ ಪಕ್ಕದ ಹೊಲದವರು, ‘ಮಾರುವವನ ಅಕ್ಕ ಪಾಲು ಕೇಳಿ ಕೋರ್ಟಿಗೆ ಹೋಗಿದ್ದಾಳೆ. 2024ರ ದೀಪಾವಳಿ ಅಮಾವಾಸ್ಯೆಗೆ ಎಂಟು ದಿನ ಇರುವಾಗ ಕೇಸು ಹಾಕಿದಳು’ ಎನ್ನುತ್ತಿದ್ದಾರೆ. ಕೇಸಿನ ನಂಬರ್ ಯಾರಿಗೂ ಗೊತ್ತಿಲ್ಲ. ಸೈಬರ್ ಸೆಂಟರ್‌ನ ಹುಡುಗ ಹುಡುಕಿ, ‘ಆ ಹೆಸರಿನಲ್ಲಿ ಏನೂ ಇಲ್ಲ’ ಎಂದ. ಕೇಸು ಹಾಕಿದ ದಿನಾಂಕ ಕೊಟ್ಟು ಹುಡುಕುವ ಜಾಗ ಜಾಲತಾಣದಲ್ಲಿ ಎಲ್ಲಿದೆ? ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರ) ಏನೂ ಇಲ್ಲ, ಉತಾರವೂ (ಪಹಣಿ) ಸ್ವಚ್ಛವಾಗಿದೆ. ತನಗೆ ಸಮನ್ಸ್ ಬಂದಿಲ್ಲ, ಆದ್ದರಿಂದ ನೋಂದಣಿಗೆ ತೊಂದರೆ ಇಲ್ಲ ಎಂದು ಮಾರುವವನು ಹೇಳುತ್ತಿದ್ದಾನೆ. ನಂಬಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ದಿನಾಂಕದಿಂದ ಕೇಸು ಹುಡುಕುವುದು ಹೇಗೆ ಎಂಬುದು ಒಂದು. ಕೇಸು ನಿಜವಾಗಿಯೂ ಇದ್ದರೆ ನನ್ನ ಆರು ಲಕ್ಷದ ಗತಿ ಏನು ಎಂಬುದು ಇನ್ನೊಂದು. ಎರಡನೆಯದನ್ನು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ನಿಮ್ಮ ಪಕ್ಕದ ಹೊಲದವರು ಹೇಳಿದ ‘ಎಂಟು ದಿನ ಇರುವಾಗ’ ಎಂಬ ಮಾತಿಗೆ ಕಾನೂನಿನಲ್ಲಿ ನೀವು ಊಹಿಸಿರುವುದಕ್ಕಿಂತ ಹೆಚ್ಚಿನ ತೂಕವಿದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮೊದಲ ಪ್ರಶ್ನೆಗೆ ನೇರ ಉತ್ತರ: ಜಿಲ್ಲಾ ಮತ್ತು ತಾಲೂಕು ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸು ಹೂಡಿದ ದಿನಾಂಕ ನಮೂದಿಸಿ ಹುಡುಕುವ ಅವಕಾಶ ಇಲ್ಲ. ಕೇಸ್ ಸ್ಟೇಟಸ್ ವಿಭಾಗದಲ್ಲಿ ಪಕ್ಷಕಾರರ ಹೆಸರು, ಕೇಸ್ ನಂಬರ್, ಫೈಲಿಂಗ್ ನಂಬರ್, ವಕೀಲರ ಹೆಸರು, ಎಫ್.ಐ.ಆರ್. ನಂಬರ್, ಕಾಯ್ದೆ, ಕೇಸಿನ ಬಗೆ ಇಷ್ಟರಿಂದ ಹುಡುಕಬಹುದು. ಪ್ರತಿ ಕೇಸಿಗೂ ಪ್ರತ್ಯೇಕವಾಗಿ ಸಿಗುವ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇದ್ದರೆ ಒಂದೇ ಹೊಡೆತಕ್ಕೆ ಕೇಸು ತೆರೆದುಕೊಳ್ಳುತ್ತದೆ. ಕಾಲದ ವಿಷಯದಲ್ಲಿ ಜಾಲತಾಣ ಕೇಳುವುದು ವರ್ಷವನ್ನು ಮಾತ್ರ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಕೊಡಬಹುದಾದದ್ದು ಕೋರ್ಟ್ ಆರ್ಡರ್ಸ್ ವಿಭಾಗದಲ್ಲಿ, ಅದೂ ಆದೇಶ ಹೊರಬಿದ್ದ ದಿನಾಂಕವನ್ನು. ಸರ್ವೆ ನಂಬರ್ ಹಾಕಿ ಹುಡುಕಲೂ ಅಲ್ಲಿ ಜಾಗವಿಲ್ಲ. ಜಮೀನು ಕೊಳ್ಳುವವರಿಗೆ ಎಲ್ಲಕ್ಕಿಂತ ಬೇಕಾದದ್ದು ಅದೇ ಆಗಿತ್ತು.

ಅಮೆರಿಕದಲ್ಲಿರುವ ಮಗನೋ ಅಳಿಯನೋ ಹೇಳಿದ್ದನ್ನು ಕೇಳಿ, ‘ಅಲ್ಲಿ ದಿನಾಂಕ ಹಾಕಿದರೆ ಪಟ್ಟಿ ಬರುತ್ತದಂತಲ್ಲ’ ಎಂದು ನನ್ನ ಬಳಿ ವಾದಿಸಿದ ಕಕ್ಷಿದಾರರಿದ್ದಾರೆ. ಅದು ನಿಜ. ಅಲ್ಲಿನ ಫೆಡರಲ್ ನ್ಯಾಯಾಲಯಗಳ ಪೇಸರ್ ವ್ಯವಸ್ಥೆಯಲ್ಲಿ ಕೇಸು ದಾಖಲಾದ ದಿನಾಂಕದ ಮಿತಿ ಕೊಟ್ಟು ಹುಡುಕಬಹುದು, ಪುಟಕ್ಕೆ ಇಷ್ಟೆಂದು ಶುಲ್ಕ ತೆರಬೇಕು. ನಮ್ಮಲ್ಲಿ ಹುಡುಕಾಟ ಉಚಿತ. ಆದರೆ ಅದರ ಸೂತ್ರ ಬೇರೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 4ನೇ ಆದೇಶದ 2ನೇ ನಿಯಮದಂತೆ ನ್ಯಾಯಾಲಯದಲ್ಲಿ ದಾವೆಗಳ ರಿಜಿಸ್ಟರ್ ಇರುತ್ತದೆ. ವಾದಪತ್ರಗಳು, ಅಂದರೆ ದಾವೆ ಹೂಡುವವರು ಸಲ್ಲಿಸುವ ಮೂಲ ಅರ್ಜಿಗಳು, ಅಂಗೀಕಾರವಾದ ಅನುಕ್ರಮದಲ್ಲಿ ವರ್ಷಕ್ಕೊಮ್ಮೆ ಒಂದರಿಂದ ನಂಬರ್ ಶುರುವಾಗುತ್ತದೆ. ಗಣಕಯಂತ್ರ ಬಂದಾಗಲೂ ಬಗೆ, ಕ್ರಮಸಂಖ್ಯೆ, ವರ್ಷ ಎಂಬ ಆ ಹಳೆಯ ಮೂರು ಕಾಲಂಗಳೇ ಹುಡುಕಾಟದ ಆಧಾರವಾಗಿ ಉಳಿದವು. ಈ ಅನುಕ್ರಮ ಎಂಬ ಮಾತನ್ನು ನೆನಪಿನಲ್ಲಿಡಿ. ನಿಮ್ಮ ಕೆಲಸ ಆಗುವುದು ಅದರಿಂದಲೇ.

ಮೊದಲು ಸೈಬರ್ ಸೆಂಟರ್‌ನ ಹುಡುಗನ ‘ಏನೂ ಇಲ್ಲ’ ಎಂಬ ಮಾತನ್ನು ನೋಡೋಣ. ಆತನ ಪರದೆಯ ಮೇಲೆ ಏನೂ ಬಂದಿರಲಿಕ್ಕಿಲ್ಲ. ಆದರೆ ಹುಡುಕಿದ ಹೆಸರು ಸಿಗಲಿಲ್ಲ ಎಂದರೆ ಕೇಸು ಇಲ್ಲ ಎಂದಾಗುವುದಿಲ್ಲ.

ಹೆಸರಿನ ಕಾಗುಣಿತವೇ ದೊಡ್ಡ ತೊಡಕು. ದಾಖಲೆಯಲ್ಲಿ ಹೆಸರುಗಳು ಸಾಮಾನ್ಯವಾಗಿ ಇಂಗ್ಲಿಷ್ ಲಿಪಿಯಲ್ಲಿರುತ್ತವೆ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿ ಕರ್ನಾಟಕದ ಒಳಗೇ ಒಂದೊಂದು ಕಡೆ ಒಂದೊಂದು. ಸವಿತಾ ಎಂಬ ಹೆಸರಿಗೆ ಮೈಸೂರಿನ ಕಡೆ ‘ಟಿ’ ಆದ ಮೇಲೆ ‘ಎಚ್’ ಸೇರಿಸುತ್ತಾರೆ, ಹಾವೇರಿ-ಧಾರವಾಡದ ಕಡೆ ಬರೀ ‘ಟಿ’. ಲಕ್ಷ್ಮಿಯನ್ನು ನಡುವೆ ‘ಎಕ್ಸ್’ ಹಾಕಿ ಬರೆಯುವವರಿದ್ದಾರೆ, ‘ಕೆ-ಎಸ್-ಎಚ್’ ಹಾಕುವವರೂ ಇದ್ದಾರೆ. ಗೌಡದ ನಡುವೆ ‘ಡಬ್ಲ್ಯು’ ಬರಬಹುದು, ‘ಯು’ ಬರಬಹುದು. ಚನ್ನಪ್ಪ ಚೆನ್ನಪ್ಪನಾಗುತ್ತಾನೆ, ಬಸವರಾಜನ ಬಾಲಕ್ಕೆ ಒಂದು ‘ಎ’ ಅಂಟಿಕೊಳ್ಳುತ್ತದೆ. ಗಣಕಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ಹಾಗಾಗಿ ಪೂರ್ತಿ ಹೆಸರು ಬರೆಯಲೇಬೇಡಿ. ಕನಿಷ್ಠ ಮೂರು ಅಕ್ಷರ ಕೊಟ್ಟರೆ ಸಾಕು, ಹುಡುಕಾಟ ನಡೆಯುತ್ತದೆ. ಯಾರು ಹೇಗೆ ಬರೆದರೂ ಬದಲಾಗದ ತುಣುಕನ್ನು ಆರಿಸಿಕೊಳ್ಳಿ. ಲಕ್ಷ್ಮವ್ವನನ್ನು ಹುಡುಕುವಾಗ ನಾನು ಆ ಹೆಸರನ್ನೇ ಬಿಟ್ಟು ಮನೆತನದ ಅಡ್ಡಹೆಸರಿನ ಮೊದಲ ನಾಲ್ಕು ಅಕ್ಷರಗಳಿಂದ ಶುರು ಮಾಡುತ್ತೇನೆ.

ಅಕ್ಕನ ಹೆಸರಿನಿಂದ ಹುಡುಕಿದ್ದರೆ ಇನ್ನೊಂದು ತೊಡಕಿದೆ. ಮದುವೆಯಾದ ಹೆಣ್ಣುಮಗಳು ವಾದಪತ್ರದಲ್ಲಿ ‘ಕೋಂ’ ಎಂದು ಗಂಡನ ಹೆಸರು, ಗಂಡನ ಮನೆಯ ಅಡ್ಡಹೆಸರಿನೊಂದಿಗೆ ಇರುತ್ತಾಳೆ. ತವರಿನ ಹೆಸರಿನಲ್ಲಿ ಆಕೆ ಸಿಗುವುದಿಲ್ಲ. ಮಾರುವವನ ಹೆಸರಿನಿಂದ ಹುಡುಕಿದರೂ, ಪಾಲಿನ ದಾವೆಯಲ್ಲಿ ಒಂದನೇ ಪ್ರತಿವಾದಿ ಆತನೇ ಆಗಿರಬೇಕೆಂದಿಲ್ಲ. ತಾಯಿಯೋ ಹಿರಿಯ ಅಣ್ಣನೋ ಮೊದಲಿರಬಹುದು. ಫಲಿತಾಂಶದ ಪಟ್ಟಿಯಲ್ಲಿ ಎದ್ದು ಕಾಣುವುದು ಮೊದಲ ವಾದಿ, ಮೊದಲ ಪ್ರತಿವಾದಿಯ ಹೆಸರು. ಉಳಿದವರನ್ನು ನೋಡಬೇಕಾದರೆ ಕೇಸನ್ನು ತೆರೆಯಬೇಕು. ಆದ್ದರಿಂದ ಕರಾರು ಪತ್ರದ ಜೊತೆ ಆ ಮನೆತನದ ವಂಶವೃಕ್ಷ ಇಟ್ಟುಕೊಂಡು, ಅದರಲ್ಲಿರುವ ಪ್ರತಿಯೊಬ್ಬರ ಹೆಸರಿನಿಂದಲೂ ನೋಡಿ.

ಬಾಕಿ, ಇತ್ಯರ್ಥ, ಎರಡೂ ಎಂಬ ಮೂರು ಆಯ್ಕೆಗಳಲ್ಲಿ ‘ಎರಡೂ’ ಎಂಬುದನ್ನೇ ಒತ್ತಿ.

ಯಾವ ನ್ಯಾಯಾಲಯದಲ್ಲಿ ಹುಡುಕಿದಿರಿ ಎಂಬುದೂ ಅಷ್ಟೇ ಮುಖ್ಯ. ಒಂದೇ ತಾಲೂಕಿನಲ್ಲಿ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ ಇರುತ್ತದೆ, ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯವೂ ಇರುತ್ತದೆ. ದಾವೆಯ ಮೌಲ್ಯ ನೋಡಿ ಇಲ್ಲಿ ಅಥವಾ ಅಲ್ಲಿ ಹೂಡುತ್ತಾರೆ. ಸ್ಥಿರಾಸ್ತಿಯ ದಾವೆಯನ್ನು ಆಸ್ತಿ ಇರುವ ಜಾಗದ ನ್ಯಾಯಾಲಯದಲ್ಲಿ ಹೂಡಬೇಕೆಂದು ಸಂಹಿತೆಯ 16ನೇ ಕಲಂ ಹೇಳುತ್ತದೆ. ಆದರೆ ಆಸ್ತಿ ಎರಡು ಊರುಗಳಲ್ಲಿ ಹಂಚಿಹೋಗಿದ್ದರೆ 17ನೇ ಕಲಂ ಪ್ರಕಾರ ಯಾವುದಾದರೂ ಒಂದು ಕಡೆ ಹೂಡಬಹುದು. ಆ ಕುಟುಂಬಕ್ಕೆ ಹುಬ್ಬಳ್ಳಿಯಲ್ಲಿ ಒಂದು ಮನೆ ಇದ್ದು, ಅಕ್ಕ ಅಲ್ಲಿಯೇ ನೆಲೆಸಿದ್ದರೆ, ನಿಮ್ಮೂರಿನ ಹೊಲವನ್ನೂ ಸೇರಿಸಿ ಹುಬ್ಬಳ್ಳಿಯಲ್ಲಿ ದಾವೆ ಹೂಡಿರಬಹುದು. ಇದನ್ನು ಸೈಬರ್ ಸೆಂಟರ್‌ನ ಹುಡುಗ ಊಹಿಸಲಾರ, ತಪ್ಪು ಆತನದ್ದಲ್ಲ.

ಈಗ ನಾನು ಹುಡುಕುವ ರೀತಿ ಹೇಳುತ್ತೇನೆ. ಹೆಸರಿನ ಸಹವಾಸವೇ ಬೇಡ. ಕೇಸ್ ಟೈಪ್ ಎಂಬಲ್ಲಿ ಅಸಲು ದಾವೆ, ಅಂದರೆ ಓ.ಎಸ್., ಆರಿಸಿ 2024 ಎಂದು ವರ್ಷ ಕೊಡಿ. ಆ ನ್ಯಾಯಾಲಯದಲ್ಲಿ ಆ ವರ್ಷ ನೋಂದಣಿಯಾದ ಅಸಲು ದಾವೆಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ದಿನಾಂಕ ಇರುವುದಿಲ್ಲ, ಒಂದೊಂದು ಕೇಸು ತೆರೆದಾಗ ಮಾತ್ರ ಕಾಣುತ್ತದೆ. ಇಲ್ಲಿ ಅನುಕ್ರಮ ನೆರವಿಗೆ ಬರುತ್ತದೆ. ಉದಾಹರಣೆಗೆ, ಪಟ್ಟಿಯಲ್ಲಿ 300 ದಾವೆಗಳಿವೆ ಎಂದುಕೊಳ್ಳಿ. ನಡುವಿನ 150ನೆಯದನ್ನು ತೆರೆದು ನೋಡಿ. ಅದು ಜೂನ್‌ನಲ್ಲಿ ದಾಖಲಾಗಿದ್ದರೆ ನಿಮಗೆ ಬೇಕಾದದ್ದು ಅದಕ್ಕಿಂತ ಮುಂದಿದೆ. 225ನ್ನು ತೆರೆಯಿರಿ, ಸೆಪ್ಟೆಂಬರ್ ಬರಬಹುದು. 250ನ್ನು ತೆರೆದರೆ ನವೆಂಬರ್ ಮೊದಲ ವಾರ. ಸರಿ, 225 ಮತ್ತು 250ರ ನಡುವೆ ಎಲ್ಲೋ ಇದೆ. 2024ರ ದೀಪಾವಳಿ ಅಮಾವಾಸ್ಯೆ ನವೆಂಬರ್ 1ರಂದು ಬಿದ್ದಿತ್ತು. ಎಂಟು ದಿನ ಹಿಂದೆ ಎಂದರೆ ಅಕ್ಟೋಬರ್ 24ರ ಆಸುಪಾಸು. ಹತ್ತು-ಹದಿನೈದು ಕೇಸುಗಳನ್ನು ಒಂದೊಂದಾಗಿ ತೆರೆದು ಪಕ್ಷಕಾರರ ಪೂರ್ತಿ ಪಟ್ಟಿ ಓದಿದರೆ ಮುಗಿಯಿತು. ನಿಘಂಟಿನಲ್ಲಿ ಪದ ಹುಡುಕುವಾಗ ಪುಟ ಮಗುಚಿದಂತೆ ಇದು. ಜಾಲತಾಣ ಕೊಡದ ದಿನಾಂಕದ ಹುಡುಕಾಟವನ್ನು ಕೈಯಿಂದ ಮಾಡುವ ದಾರಿ ಇದೇ. ಪ್ರತಿ ಹುಡುಕಾಟಕ್ಕೂ ಪರದೆಯ ಮೇಲಿನ ವಕ್ರ ಅಕ್ಷರಗಳನ್ನು ನೋಡಿ ಬರೆಯಬೇಕಾಗುವುದರಿಂದ ತಾಳ್ಮೆ ಬೇಕು, ಅಷ್ಟೇ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ನಂಬರ್ ಬೀಳುವುದು ದಾವೆ ನೋಂದಣಿಯಾದ ಕ್ರಮದಲ್ಲಿ, ಸಲ್ಲಿಕೆಯಾದ ಕ್ರಮದಲ್ಲಿ ಅಲ್ಲ. ಕಚೇರಿಯ ಆಕ್ಷೇಪಣೆ ಬಿದ್ದ ವಾದಪತ್ರ ವಾರಗಟ್ಟಲೆ ನಿಂತು ಆಮೇಲೆ ನಂಬರ್ ಪಡೆಯುತ್ತದೆ. ಆದ್ದರಿಂದ ನವೆಂಬರ್, ಡಿಸೆಂಬರ್‌ನ ನಂಬರ್‌ಗಳನ್ನೂ, 2025ರ ಮೊದಲ ಕೆಲವು ನಂಬರ್‌ಗಳನ್ನೂ ನೋಡಿ. ಜೊತೆಗೆ, ತಡೆಯಾಜ್ಞೆ ಏನಾದರೂ ಸಿಕ್ಕಿರಬಹುದೆಂಬ ಗುಮಾನಿ ಇದ್ದರೆ ಕೋರ್ಟ್ ಆರ್ಡರ್ಸ್ ವಿಭಾಗದಲ್ಲಿ ಅಕ್ಟೋಬರ್ 20ರಿಂದ ಮುಂದಿನ ದಿನಾಂಕಗಳನ್ನು ಕೊಟ್ಟು ಅಪ್‌ಲೋಡ್ ಆದ ಆದೇಶಗಳನ್ನು ಓದಿ. ಆದೇಶ ಸಿಕ್ಕರೆ ಕೇಸಿನ ನಂಬರೂ ಸಿಕ್ಕಂತೆ.

ಕೇಸು ಸಿಕ್ಕಿತು ಎಂದಿಟ್ಟುಕೊಳ್ಳೋಣ. ಪುಟದ ಮೇಲ್ಭಾಗದಲ್ಲಿ ಫೈಲಿಂಗ್ ನಂಬರ್, ಅದರ ಪಕ್ಕದಲ್ಲಿ ಫೈಲಿಂಗ್ ದಿನಾಂಕ, ಕೆಳಗೆ ರಿಜಿಸ್ಟ್ರೇಷನ್ ನಂಬರ್, ರಿಜಿಸ್ಟ್ರೇಷನ್ ದಿನಾಂಕ, ಆಮೇಲೆ ಸಿ.ಎನ್.ಆರ್. ಸಂಖ್ಯೆ ಇರುತ್ತವೆ. ಈ ಎರಡು ದಿನಾಂಕಗಳು ಒಂದೇ ಅಲ್ಲ. ಇವನ್ನು ಅದಲುಬದಲು ಮಾಡಿಕೊಂಡು ಜನ ಜಮೀನು ಕಳೆದುಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ರೈತ ತನ್ನ ಖರೀದಿ ಪತ್ರ ಹಿಡಿದು ನನ್ನ ಕಚೇರಿಗೆ ಬಂದರು. ಪತ್ರ ನೋಂದಣಿಯಾದದ್ದು 2016ರ ಡಿಸೆಂಬರ್ 30ರಂದು. ಎದುರಿನವರ ಪಾಲಿನ ದಾವೆಯ ನಂಬರ್ 2017ರದ್ದು, ರಿಜಿಸ್ಟ್ರೇಷನ್ ದಿನಾಂಕ ಜನವರಿ 6. ‘ನನ್ನದು ಮೊದಲು, ಅವರದ್ದು ಆಮೇಲೆ’ ಎಂದು ಅವರು ಬಹಳ ಧೈರ್ಯದಿಂದ ಹೇಳಿದರು. ನಾನು ವಾದಪತ್ರದ ದೃಢೀಕೃತ ನಕಲು ತರಿಸಿದೆ. ಮೊದಲ ಪುಟದ ಮೂಲೆಯಲ್ಲಿ, ನೇರಳೆ ಶಾಯಿಯ ದುಂಡು ಮೊಹರಿನೊಳಗೆ, ಅರ್ಧ ಅಳಿಸಿದಂತೆ ಇದ್ದ ದಿನಾಂಕ 2016ರ ಡಿಸೆಂಬರ್ 23. ನ್ಯಾಯಾಲಯ ಶುಲ್ಕ ಕಡಿಮೆ ಬಿದ್ದಿದ್ದರಿಂದ ಕಚೇರಿ ಆಕ್ಷೇಪಣೆ ಹಾಕಿತ್ತು. ರಜೆ ಮುಗಿದ ಮೇಲೆ ಅದನ್ನು ಭರ್ತಿ ಮಾಡಿದಾಗ ನಂಬರ್ ಬಿದ್ದಿತ್ತು. ಹಾಗೆ ಆಮೇಲೆ ಭರ್ತಿಯಾದ ಶುಲ್ಕಕ್ಕೆ ನ್ಯಾಯಾಲಯ ಅನುಮತಿ ಕೊಟ್ಟರೆ ಮೊದಲ ದಿನವೇ ಕಟ್ಟಿದಷ್ಟು ಬಲ ಬರುತ್ತದೆ ಎಂದು ಸಂಹಿತೆಯ 149ನೇ ಕಲಂ ಹೇಳುತ್ತದೆ. ಏಳು ದಿನಗಳ ಅಂತರದಲ್ಲಿ ಅವರು ದಾವೆ ನಡೆಯುತ್ತಿದ್ದಾಗ ಕೊಂಡವರಾಗಿಬಿಟ್ಟಿದ್ದರು. ಮೊಹರನ್ನು ಅವರಿಗೆ ತೋರಿಸಿದಾಗ ಬಹಳ ಹೊತ್ತು ಅವರು ಮಾತಾಡಲಿಲ್ಲ.

ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆ ಶುರುವಾಗುತ್ತದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 52ನೇ ಕಲಂ ಹೇಳುವುದು ಇಷ್ಟು: ಸ್ಥಿರಾಸ್ತಿಯ ಹಕ್ಕು ನೇರವಾಗಿ ಮತ್ತು ನಿರ್ದಿಷ್ಟವಾಗಿ ವಿವಾದದಲ್ಲಿರುವ ದಾವೆ ನಡೆಯುತ್ತಿರುವಾಗ, ನ್ಯಾಯಾಲಯದ ಅನುಮತಿ ಇಲ್ಲದೆ ಪಕ್ಷಕಾರರು ಆ ಆಸ್ತಿಯನ್ನು ಇನ್ನೊಬ್ಬ ಪಕ್ಷಕಾರರ ಹಕ್ಕಿಗೆ ಧಕ್ಕೆಯಾಗುವಂತೆ ವರ್ಗಾಯಿಸುವಂತಿಲ್ಲ. ದಾವೆ ಯಾವಾಗಿನಿಂದ ‘ನಡೆಯುತ್ತಿದೆ’ ಎಂದು ಎಣಿಸಬೇಕು? ಆ ಕಲಮಿನ ವಿವರಣೆಯಲ್ಲೇ ಉತ್ತರವಿದೆ. ಅಧಿಕಾರವ್ಯಾಪ್ತಿ ಉಳ್ಳ ನ್ಯಾಯಾಲಯಕ್ಕೆ ವಾದಪತ್ರ ಸಲ್ಲಿಸಿದ ದಿನದಿಂದ. ನಂಬರ್ ಬಿದ್ದ ದಿನದಿಂದಲೂ ಅಲ್ಲ, ಸಮನ್ಸ್ ಮುಟ್ಟಿದ ದಿನದಿಂದಲೂ ಅಲ್ಲ. ಕೊನೆಯಾಗುವುದೂ ತೀರ್ಪಿನ ದಿನವಲ್ಲ. ಡಿಕ್ರಿ (ತೀರ್ಪಿನಂತೆ ಹೊರಡುವ ವಿಧಿಬದ್ಧ ಆಜ್ಞೆ) ಪೂರ್ತಿ ಜಾರಿಯಾಗುವವರೆಗೆ, ಇಲ್ಲವೇ ಜಾರಿ ಮಾಡಿಸುವ ಕಾಲಮಿತಿ ಮುಗಿಯುವವರೆಗೆ ಅದು ಚಾಲ್ತಿಯಲ್ಲಿರುತ್ತದೆ. ಇತ್ಯರ್ಥವಾದ ಕೇಸುಗಳನ್ನೂ ನೋಡಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಆದ್ದರಿಂದ ‘ಸಮನ್ಸ್ ಬಂದಿಲ್ಲ, ತೊಂದರೆ ಇಲ್ಲ’ ಎಂಬ ಮಾರುವವನ ಮಾತು ತಪ್ಪು. ಆತ ಬೇಕೆಂದೇ ಸುಳ್ಳು ಹೇಳುತ್ತಿದ್ದಾನೆ ಎಂದು ನಾನು ಹೇಳುವುದಿಲ್ಲ. ನಮ್ಮ ಕಡೆ ಬಹಳ ಜನ ಪ್ರಾಮಾಣಿಕವಾಗಿಯೇ ಹಾಗೆ ನಂಬಿದ್ದಾರೆ. ‘ನನಗೆ ಗೊತ್ತಿರಲಿಲ್ಲ, ಪೂರ್ತಿ ಹಣ ಕೊಟ್ಟು ಪ್ರಾಮಾಣಿಕವಾಗಿ ಕೊಂಡೆ’ ಎಂಬ ವಾದವೂ 52ನೇ ಕಲಮಿನ ಮುಂದೆ ನಿಲ್ಲುವುದಿಲ್ಲ. ಇನ್ನು ಇ.ಸಿ. ನೋಂದಣಿಯಾದ ದಸ್ತಾವೇಜುಗಳ ಪಟ್ಟಿ ಅದು. ಒಬ್ಬರು ದಾವೆ ಹೂಡಿದ ಮಾತ್ರಕ್ಕೆ ಉಪನೋಂದಣಾಧಿಕಾರಿಯ ಪುಸ್ತಕದಲ್ಲಿ ಏನೂ ದಾಖಲಾಗುವುದಿಲ್ಲ. ಉತಾರದ 11ನೇ ಕಾಲಂನಲ್ಲಿ ಸಾಲ, ಕೆಲವೊಮ್ಮೆ ನ್ಯಾಯಾಲಯದ ತಡೆ ನಮೂದಾಗಿರುತ್ತದೆ. ಆದರೆ ಯಾರಾದರೂ ಆದೇಶದ ಪ್ರತಿ ಕೊಟ್ಟು ನಮೂದು ಮಾಡಿಸಿದ್ದರೆ ಮಾತ್ರ. ಇ.ಸಿ. ಮತ್ತು ಉತಾರ ಎರಡೂ ಸ್ವಚ್ಛವಾಗಿದ್ದು, ಒಳಗೊಳಗೆ ಪಾಲಿನ ದಾವೆ ಮೂರು ವರ್ಷ ನಡೆದ ಜಮೀನುಗಳನ್ನು ನಾನೇ ಪರಿಶೀಲಿಸಿದ್ದೇನೆ.

ಇದಕ್ಕೆ ತದ್ವಿರುದ್ಧವಾದ ಭಯವೂ ಬೇಡ. ದಾವೆ ನಡೆಯುವಾಗ ಆದ ಖರೀದಿ ಪತ್ರ ಅಷ್ಟರಿಂದಲೇ ರದ್ದಾಗುವುದಿಲ್ಲ. ಮಾರಿದವನಿಗೂ ನಿಮಗೂ ನಡುವೆ ಅದು ಊರ್ಜಿತವೇ. ಮಾರಿದವನಿಗೆ ಕೊನೆಗೆ ಎಷ್ಟು ಪಾಲು ದಕ್ಕುತ್ತದೋ ಅಷ್ಟಕ್ಕೆ ನಿಮ್ಮ ಹಕ್ಕು ಸೀಮಿತವಾಗುತ್ತದೆ. ಅಕ್ಕನ ಹಕ್ಕಿನ ಬಗ್ಗೆಯೂ ಎರಡು ಮಾತು. ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೆ ಮಗನಷ್ಟೇ ಹುಟ್ಟಿನಿಂದ ಬಂದ ಹಕ್ಕನ್ನು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಕೊಟ್ಟಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ವಿಭಾಗವಾಗಿದ್ದರೆ ಮಾತು ಬೇರೆ. ‘ಮದುವೆಯಲ್ಲಿ ಬಂಗಾರ ಹಾಕಿದ್ದೇವೆ, ಅವಳಿಗೇನು ಪಾಲು’ ಎಂದು ಮನೆಯವರು ಹೇಳಿದರೆ ಅದನ್ನು ಕಾನೂನಿನ ಉತ್ತರವೆಂದು ತಿಳಿಯಬೇಡಿ. ಆಕೆ ಕೇಳುತ್ತಿರುವುದು ತನ್ನದನ್ನೇ ಆಗಿರಬಹುದು.

ಜಾಲತಾಣದ ಪುಟ ನಿಮಗೆ ತಿಳಿಸದ ಒಂದು ಮುಖ್ಯ ಸಂಗತಿ ಇದೆ. ನೀವು ಕೊಳ್ಳಲಿರುವ ಸರ್ವೆ ನಂಬರ್ ಆ ದಾವೆಯಲ್ಲಿ ಇದೆಯೇ ಇಲ್ಲವೇ? ಅದು ವಾದಪತ್ರದ ಕೊನೆಯಲ್ಲಿರುವ ಆಸ್ತಿಯ ಷೆಡ್ಯೂಲ್‌ನಲ್ಲಿ ಇರುತ್ತದೆ. ವಾದಪತ್ರವನ್ನು ಜಾಲತಾಣದಲ್ಲಿ ಎಲ್ಲರಿಗೂ ತೋರಿಸುವುದಿಲ್ಲ. ಹಾಗಾಗಿ ನಂಬರ್ ಸಿಕ್ಕ ಮೇಲೆ ನ್ಯಾಯಾಲಯಕ್ಕೆ ಹೋಗಲೇಬೇಕು. ನೀವು ಪಕ್ಷಕಾರರಲ್ಲದ ಕಾರಣ, ಯಾಕೆ ಬೇಕೆಂದು ತಿಳಿಸಿ ಪ್ರಮಾಣಪತ್ರದೊಂದಿಗೆ ನಕಲು ಅರ್ಜಿ ಹಾಕಿ ಅನುಮತಿ ಪಡೆಯಬೇಕಾಗುತ್ತದೆ. ಖರೀದಿ ಕರಾರಿನ ಪ್ರತಿ ಲಗತ್ತಿಸಿದರೆ ಕಾರಣ ಸ್ಪಷ್ಟವಾಗುತ್ತದೆ. ಮಾಹಿತಿ ಹಕ್ಕಿನಡಿ ಕೇಳಬಹುದೇ ಎಂದು ಕೆಲವರು ವಿಚಾರಿಸುತ್ತಾರೆ. ನ್ಯಾಯಾಲಯದ ಕಡತದ ನಕಲನ್ನು ನ್ಯಾಯಾಲಯದ ನಿಯಮದಂತೆಯೇ ಪಡೆಯಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿದೆ. ವಾದಪತ್ರ, ಷೆಡ್ಯೂಲ್ ಮತ್ತು ಆರ್ಡರ್ ಶೀಟ್ (ದಿನದಿನದ ಕಲಾಪ ಬರೆದಿಡುವ ಹಾಳೆ) ಈ ಮೂರರ ನಕಲು ತೆಗೆಸಿ. ಜಾಲತಾಣದ ಮುದ್ರಿತ ಹಾಳೆ ಮಾಹಿತಿಗೆ ಸರಿ, ಅದು ದೃಢೀಕೃತ ನಕಲು ಅಲ್ಲ.

ಇ-ಕೋರ್ಟ್ಸ್‌ನಲ್ಲಿ ಸಿಗದ ವ್ಯಾಜ್ಯಗಳೂ ಇವೆ. ತಹಶೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಗಳ ಮುಂದಿನ ಕಂದಾಯ ಪ್ರಕರಣಗಳಿಗೆ ರಾಜ್ಯ ಸರ್ಕಾರದ ಬೇರೆಯೇ ಜಾಲತಾಣವಿದೆ. ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದಾಗಿದ್ದರೆ 1978ರ ಪರಭಾರೆ ನಿಷೇಧ ಕಾಯ್ದೆಯ ಪ್ರಕರಣ ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ಇರಬಹುದು. ಬ್ಯಾಂಕಿನ ಸಾಲ ವಸೂಲಾತಿ ನ್ಯಾಯಮಂಡಳಿಯದ್ದೂ ಬೇರೆ ದಾಖಲೆ. ಕೆಳ ನ್ಯಾಯಾಲಯದಲ್ಲಿ ಮುಗಿದ ಕೇಸು ಮೇಲ್ಮನವಿಯಾಗಿ ಜಿಲ್ಲಾ ನ್ಯಾಯಾಲಯದಲ್ಲೋ ಹೈಕೋರ್ಟಿನ ಧಾರವಾಡ ಪೀಠದಲ್ಲೋ ಇರಬಹುದು. ಹೈಕೋರ್ಟಿನಲ್ಲಿ ಬೇರೆಯಾಗಿ ಹುಡುಕಬೇಕು.

ಈಗ ನಿಮ್ಮ ಮುಂದಿರುವ ದಾರಿಗಳು. ನಿಮಗೆ ಇನ್ನೂ ನೋಂದಣಿ ಆಗಿಲ್ಲ, ಅದೇ ದೊಡ್ಡ ಸಮಾಧಾನ. ಕರಾರು ಸೆಪ್ಟೆಂಬರ್‌ನದ್ದು, ದಾವೆ ಅಕ್ಟೋಬರ್‌ನದ್ದು, ಆದ್ದರಿಂದ ನಾನು ಬಚಾವು ಎಂದು ಮಾತ್ರ ಲೆಕ್ಕ ಹಾಕಬೇಡಿ. ಖರೀದಿ ಕರಾರಿನಿಂದ ಜಮೀನಿನಲ್ಲಿ ಹಕ್ಕು ಹುಟ್ಟುವುದಿಲ್ಲ ಎಂದು ಅದೇ ಅಧಿನಿಯಮದ 54ನೇ ಕಲಂ ಹೇಳುತ್ತದೆ. ಹಕ್ಕು ಬರುವುದು ಖರೀದಿ ಪತ್ರ ನೋಂದಣಿಯಾದಾಗ, ಅಷ್ಟರಲ್ಲಿ ದಾವೆ ಬಂದಿರುತ್ತದೆ.

ದಾವೆ ಇದ್ದು ನಿಮ್ಮ ಸರ್ವೆ ನಂಬರ್ ಷೆಡ್ಯೂಲ್‌ನಲ್ಲಿ ಇದ್ದರೆ, ನನ್ನ ಮನಸ್ಸು ಒಲಿಯುವುದು ರಾಜಿಯ ಕಡೆಗೆ. ಅಕ್ಕ-ತಮ್ಮ ಕುಳಿತು ಪಾಲು ತೀರ್ಮಾನಿಸಿಕೊಂಡು 23ನೇ ಆದೇಶದ 3ನೇ ನಿಯಮದಂತೆ ರಾಜಿ ಡಿಕ್ರಿ ಪಡೆಯಲಿ, ಅದರಲ್ಲಿ ಈ ಜಮೀನು ತಮ್ಮನ ಪಾಲಿಗೆ ಬಂದಿತೆಂದು ಬರೆಯಲಿ. ಆಮೇಲೆ ನೀವು ಕೊಳ್ಳಿ. ಇಲ್ಲವೇ ಅಕ್ಕನೂ ಮಾರುವವರಲ್ಲಿ ಒಬ್ಬಳಾಗಿ ಸಹಿ ಹಾಕಿ ತನ್ನ ಪಾಲಿನ ಹಣವನ್ನು ನೇರವಾಗಿ ಪಡೆದು ದಾವೆ ಹಿಂದಕ್ಕೆ ತೆಗೆದುಕೊಳ್ಳಲಿ. ಇದಕ್ಕೆ ಎರಡು-ಮೂರು ತಿಂಗಳು ಹೆಚ್ಚು ಹಿಡಿಯಬಹುದು. ಹೊಲ ಪಕ್ಕದಲ್ಲೇ ಇದೆ, ಅದೇನೂ ಓಡಿಹೋಗುವುದಿಲ್ಲ. ಆಕೆಯನ್ನು ಶತ್ರುವಿನಂತೆ ನೋಡದೆ ಹೋಗಿ ಮಾತಾಡಿಸಿ. ಎಷ್ಟೋ ಸಲ ಕೊಳ್ಳುವವರು ಮನೆ ಬಾಗಿಲಿಗೆ ಹೋಗಿ ಕೇಳಿದ್ದರಿಂದಲೇ ಮುಗಿದ ವ್ಯಾಜ್ಯಗಳನ್ನು ನೋಡಿದ್ದೇನೆ.

ಮಾರುವವನು ನ್ಯಾಯಾಲಯದ ಅನುಮತಿ ಪಡೆದು ಮಾರಬಹುದು, ಅದಕ್ಕೂ 52ನೇ ಕಲಂನಲ್ಲಿ ಅವಕಾಶವಿದೆ. ವಾದಿಯ ಪಾಲಿಗೆ ಭದ್ರತೆ ಇಡಬೇಕು ಎಂಬಂಥ ಷರತ್ತುಗಳು ಬರಬಹುದು.

‘ನಷ್ಟಭರ್ತಿ ಬರೆದುಕೊಡುತ್ತೇನೆ, ನೋಂದಣಿ ಮುಗಿಸಿಬಿಡೋಣ’ ಎಂಬ ಪ್ರಸ್ತಾಪ ಖಂಡಿತ ಬರುತ್ತದೆ. ಅದು ಕಾಗದದ ಮೇಲೆ ಚೆನ್ನಾಗಿರುತ್ತದೆ. ಐದಾರು ವರ್ಷಗಳ ನಂತರ ಪಾಲು ಬೇರೆಯವರಿಗೆ ಹೋದಾಗ, ಹಣ ಖರ್ಚು ಮಾಡಿಕೊಂಡ ಮನುಷ್ಯನಿಂದ ವಸೂಲಿ ಮಾಡಲು ನೀವು ಇನ್ನೊಂದು ದಾವೆ ಹೂಡಬೇಕು. ಆತನಿಗೆ ಬೇರೆ ಆಸ್ತಿ ಇದ್ದು, ಅದನ್ನು ನೋಂದಾಯಿತ ಪತ್ರದಿಂದ ನಿಮಗೆ ಭದ್ರತೆಯಾಗಿ ಕೊಟ್ಟರೆ ಮಾತ್ರ ಯೋಚಿಸಿ. ನಿವೃತ್ತಿಯ ಹಣವನ್ನು ಬರೀ ಮಾತಿನ ಮೇಲೆ ಹಾಕಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಒಪ್ಪಂದ ಮುರಿದು ಸಂಚಕಾರ ವಾಪಸ್ ಕೇಳುವುದು ಮತ್ತೊಂದು ದಾರಿ. ವಕೀಲರ ಮೂಲಕ ನೋಟಿಸ್ ಕೊಟ್ಟು ಶುರು ಮಾಡಿ. ಕರಾರು ಪಾಲನೆಯ ದಾವೆಗೆ, ನೋಂದಣಿಗೆ ದಿನ ಗೊತ್ತುಪಡಿಸಿದ್ದರೆ ಅಂದಿನಿಂದ ಮೂರು ವರ್ಷಗಳ ಕಾಲಮಿತಿ ಇದೆ. ಮಾತುಕತೆಯಲ್ಲಿ ಆ ಗಡುವು ಕಳೆದುಹೋಗದಂತೆ ನೋಡಿಕೊಳ್ಳಿ.

ನಿಮ್ಮ ಪರಿಸ್ಥಿತಿಯಲ್ಲಿದ್ದು ಈಗಾಗಲೇ ನೋಂದಣಿ ಮಾಡಿಸಿಕೊಂಡವರು ಇದನ್ನು ಓದುತ್ತಿದ್ದರೆ, ಕೈಕಟ್ಟಿ ಕುಳಿತುಕೊಳ್ಳಬೇಡಿ. ಆ ದಾವೆಯಲ್ಲಿ ನಿಮ್ಮನ್ನೂ ಪಕ್ಷಕಾರರಾಗಿ ಸೇರಿಸಿಕೊಳ್ಳುವಂತೆ ಅರ್ಜಿ ಹಾಕಿ. ವಿಭಾಗ ಮಾಡುವಾಗ, ಸಾಧ್ಯವಾದಷ್ಟು ಮಟ್ಟಿಗೆ ನೀವು ಕೊಂಡ ಜಮೀನನ್ನು ಮಾರಿದವನ ಪಾಲಿಗೇ ಹಾಕಿ ಎಂದು ಕೇಳುವ ಅವಕಾಶ ಇರುತ್ತದೆ. ಮಾರಿದವನು ಹಣ ಪಡೆದ ಮೇಲೆ ದಾವೆ ನಡೆಸುವ ಆಸಕ್ತಿ ಕಳೆದುಕೊಳ್ಳುತ್ತಾನೆ. ನೀವಿಲ್ಲದಿದ್ದರೆ ನಿಮ್ಮ ಪರವಾಗಿ ಅಲ್ಲಿ ಮಾತಾಡುವವರೇ ಇರುವುದಿಲ್ಲ.

ಎಷ್ಟು ಹುಡುಕಿದರೂ ಕೇಸು ಸಿಗಲಿಲ್ಲ ಎಂದರೆ? ತಾಲೂಕಿನ ಎರಡೂ ನ್ಯಾಯಾಲಯಗಳಲ್ಲಿ, ಹುಬ್ಬಳ್ಳಿಯಂಥ ಬೇರೆ ಊರಿನ ಸಾಧ್ಯತೆ ಇದ್ದರೆ ಅಲ್ಲಿಯೂ, ಫೈಲಿಂಗ್ ವಿಭಾಗದಲ್ಲಿ ವಕೀಲರ ಮೂಲಕ ವಿಚಾರಿಸಿ. ಆಕ್ಷೇಪಣೆಯಲ್ಲಿ ನಿಂತು ಇನ್ನೂ ನಂಬರ್ ಬೀಳದ ವಾದಪತ್ರ ಅಲ್ಲಿ ಮಾತ್ರ ಗೊತ್ತಾಗುತ್ತದೆ. ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆಗೆ ಕಾಲಾವಕಾಶ ಕೊಡಿ. ಆಮೇಲೆ ಖರೀದಿಗೆ ಮುಂದಾದರೆ, ನೋಂದಣಿಯ ದಿನ ಬೆಳಿಗ್ಗೆ ಉಪನೋಂದಣಿ ಕಚೇರಿಗೆ ಹೊರಡುವ ಮುನ್ನ 2024 ಮತ್ತು ಚಾಲ್ತಿ ವರ್ಷ ಎರಡರ ಅಸಲು ದಾವೆಗಳ ಪಟ್ಟಿಯನ್ನು ಮತ್ತೊಮ್ಮೆ ತೆರೆದು ಕೊನೆಯ ನಂಬರ್‌ವರೆಗೆ ನೋಡಿ, ಮುದ್ರಿಸಿ ಕಡತದಲ್ಲಿ ಇಟ್ಟುಕೊಳ್ಳಿ.